ಮಾವನ ಬಿಡದ ನೀಲಿ

ನಮ್ಮ ಮಾವನ ಕನಸಿನಲ್ಲಿ ನೀರು ಯಾವತ್ತೂ ನೀಲಿಯಂತೆ. ನಲವತ್ತು ವರ್ಷ ಕಾರ್ಖಾನೆಯಲ್ಲಿ ಬಟ್ಟೆಗೆ ನೀಲಿ ಬಣ್ಣ ಹಾಕಿದವರು, ಇನ್ನೇನು ಕಂಡಾರು! "ನನ್ನ ಬಣ್ಣ ಬಿಡಲ್ಲ" ಎನ್ನುವುದು ಅವರ ಜಂಬ. ಹೆಣ್ಣು ಕೇಳಲು ಹೋದ ದಿನ ನನ್ನ ಮುಖಕ್ಕಿಂತ ಮೊದಲು ನನ್ನ ಅಂಗಿಯ ಕಾಲರನ್ನು ಉಜ್ಜಿ ನೋಡಿದ್ದರು.

ಕಾರ್ಖಾನೆಯ ಹಿಂದಿನ ತೊರೆಯನ್ನೂ ಆ ಬಣ್ಣ ಬಿಟ್ಟಿರಲಿಲ್ಲ. ಅದರಲ್ಲಿ ಮೀನು ಸತ್ತು ಎಷ್ಟೋ ಕಾಲವಾಗಿತ್ತು. ನನ್ನ ಹೆಂಡತಿ ಹಟ ಹಿಡಿದು ಪ್ರಯೋಗಾಲಯ ಸೇರಿದ್ದು ಅದಕ್ಕೇ. ಗೋಡೆಬಣ್ಣಕ್ಕೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡಿಗೆ ಗ್ರಾಫೀನ್ ಎಂಬ ಅತಿ ತೆಳು ಇಂಗಾಲ ಸೇರಿಸಿ ಬೂದು ಪುಡಿಯೊಂದನ್ನು ಮಾಡಿದ್ದಳು. ಬಿಸಿಲು ಬಿದ್ದರೆ ಅದು ನೀರಿನಲ್ಲಿರುವ ಬಣ್ಣವನ್ನು ಒಡೆದುಹಾಕುತ್ತದೆ. ಕಾರ್ಖಾನೆಯ ಮಾಲೀಕರು ಕೊಟ್ಟಿದ್ದು ಒಂದೇ ದಿನ. ಸಂಜೆಯೊಳಗೆ ನೀರು ತಿಳಿಯಾದರೆ, ತೊರೆಗೆ ಬಿಡುವ ಮುನ್ನ ಬಣ್ಣ ತೆಗೆಯಲು ತೊಟ್ಟಿ ಕಟ್ಟಿಸುತ್ತಾರೆ, ಇಲ್ಲವಾದರೆ ಮತ್ತೆ ಆ ಮಾತೆತ್ತುವಂತಿಲ್ಲ.

ಬೆಳಿಗ್ಗೆ ತಾರಸಿಯ ಮೇಲೆ ಗಾಜಿನ ತಟ್ಟೆಯಲ್ಲಿ ಕಾರ್ಖಾನೆಯ ನೀಲಿ ನೀರಿಗೆ ಪುಡಿ ಬೆರೆಸಿಟ್ಟು, ಮಾವನನ್ನು ಕಾವಲಿಗೆ ಕೂರಿಸಿ ಹೋದಳು. ಹನ್ನೊಂದಕ್ಕೆ ನಾವು ಹತ್ತಿ ಬಂದರೆ ತಟ್ಟೆಯ ಮೇಲೆ ದಪ್ಪನೆಯ ಬಟ್ಟೆ.

"ಅಪ್ಪಾ, ಯಾಕೆ ಮುಚ್ಚಿದ್ರಿ?"

"ಬಿಸಿಲಿಗೆ ಬಣ್ಣ ಹೋಗತ್ತಲ್ಲಮ್ಮ!"

"ಹೋಗ್ಲಿ ಅಂತಾನೇ ಇಟ್ಟಿದ್ದು!"

ನನಗೆ ನಗು ತಡೆಯಲಾಗಲಿಲ್ಲ. ಅವಳ ಕಣ್ಣು ತುಂಬಿತ್ತು. ಮಾವ ತಲೆ ತಗ್ಗಿಸಿದರು.

"ಮುಚ್ಚಿದ್ದು ಅಭ್ಯಾಸ ಬಲದಿಂದ. ಆಮೇಲೆ ನೆನಪಾಯ್ತು, ಆದ್ರೂ ತೆಗೀಲಿಲ್ಲ. ಮನಸ್ಸು ಬರಲಿಲ್ಲ ಮಗಳೇ."

ತಾವೇ ಬಟ್ಟೆ ಎಳೆದರು. ಆಮೇಲೆ ಊಟಕ್ಕೂ ಏಳಲಿಲ್ಲ. ಬಿಸಿಲು ಸರಿದಂತೆ ತಟ್ಟೆ ಸರಿಸುತ್ತಾ, ಗಾಜಿನ ಕಡ್ಡಿಯಲ್ಲಿ ಕಲಕುತ್ತಾ, ನಿದ್ದೆಯಲ್ಲಿ ಮಾತಾಡುವವರಂತೆ ಗೊಣಗುತ್ತಿದ್ದರು. "ಇದು ಶಾಲೆ ಮಕ್ಕಳ ಅಂಗಿ ನೀಲಿ... ಇದು ಕಿಟಕಿ ಪರದೆದು..." ನೀರು ಇನ್ನಷ್ಟು ತೆಳುವಾದಾಗ ಕಡ್ಡಿ ನಿಂತಿತು. "ಇದು ನಿಮ್ಮತ್ತೆಗೆ ಮೊದಲು ಕೊಟ್ಟ ಬಟ್ಟೆ ನೀಲಿ." ಅತ್ತೆ ತೀರಿಕೊಂಡು ಆರು ವರ್ಷ. ಮಾವ ತಟ್ಟೆಯನ್ನೇ ನೋಡಿ, ಮತ್ತೆ ಕಲಕಿದರು.

ಐದಕ್ಕೆ ಮಾಲೀಕರು ಬಂದಾಗ ಪುಡಿ ತಳಕ್ಕೆ ಕೂತು, ಮೇಲಿನ ನೀರು ತಿಳಿಯಾಗಿತ್ತು.

"ಬರೀ ನೀರು ತುಂಬಿಟ್ಟು ನನ್ನ ಕಿವಿ ಮೇಲೆ ಹೂವಿಡ್ತಿದ್ದೀರಾ?"

ನನ್ನ ಹೆಂಡತಿ ಬಾಯಿ ತೆರೆಯುವ ಮೊದಲೇ ಮಾವ ಎದ್ದು ನಿಂತರು.

"ಇಲ್ಲ ಯಜಮಾನ್ರೇ. ಅದು ನನ್ನದೇ ನೀಲಿ. ಬಣ್ಣ ಬಿಡ್ತು."

ಮಾಲೀಕರು ಅವರ ಮುಖವನ್ನೇ ನೋಡಿದರು. ಆಮೇಲೆ, ತೊಟ್ಟಿ ಎಲ್ಲಿ ಕಟ್ಟಿಸಬೇಕೆಂದು ಕೇಳಿದರು.