ಠಾಣೆಯಲ್ಲಿ ಕುಳಿತ ರಷ್ಯನ್ ಕಾದಂಬರಿ

ಕಳೆದ ವಾರ ನಮ್ಮ ಮನೆಯಿಂದ ಪೊಲೀಸರು ಒಂದು ಕಾದಂಬರಿಯನ್ನು ಹಿಡಿದುಕೊಂಡು ಹೋದರು.

ನಗಬೇಡಿ. ವಯನಾಡಿನ ನಮ್ಮ ತೃಶ್ಶಿಲೇರಿಯಲ್ಲಿ ಇದು ನಗುವ ಕಾಲವಲ್ಲ. ನಕ್ಸಲರನ್ನು ಹುಡುಕಿಕೊಂಡು ಜೀಪು ತಿರುಗುತ್ತಿದೆ. ನಾಲ್ಕು ಜನ ಒಟ್ಟಿಗೆ ಕೂತರೆ ಅದು ನಕ್ಸಲರ ‘ಸ್ಟಡಿ ಕ್ಲಾಸ್’. ಅಲ್ಲೊಂದು ಪುಸ್ತಕವೂ ಇದ್ದರೆ? ಮುಗಿಯಿತು!

ನಮ್ಮಲ್ಲಿ ಪುಸ್ತಕವಿತ್ತು. ಈಗ ಕಾಳುಮೆಣಸು ತುಳಿಯುವ ದಿನಗಳಲ್ಲವೇ? ಮಧ್ಯಾಹ್ನ ಊಟವಾದ ಮೇಲೆ ಅಂಗಳದ ಚಾಪೆಯ ಮೇಲೆ ಹೆಂಗಸರು ಮೆಣಸಿನ ಗೊಂಚಲು ತುಳಿದು ಕಾಳು ಬಿಡಿಸುತ್ತಾರೆ. ನಾನು ಜಗಲಿಯಲ್ಲಿ ಕೂತು ಇಂಗ್ಲಿಷಿನಲ್ಲಿರುವ ಕಾದಂಬರಿಯನ್ನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. (ಎಲ್ಲವೂ ಕಾನ್ವೆಂಟಿನ ಸಿಸ್ಟರುಗಳು ಕೊಟ್ಟ ಬಹುಮಾನಗಳು. ಮದುವೆಯ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಬಂದವು.)

ಪಶ್ಚಿಮದವರ ಕಾದಂಬರಿಗಳಲ್ಲಿ ಯಾವುದನ್ನು ಓದಲಿ ಎಂದು ಓದುಗರಾದ ನೀವು ಆಗಾಗ ಕೇಳುತ್ತೀರಿ. ವಿಮರ್ಶಕರನ್ನು ಬಿಡಿ, ಈ ಕಾಲುಗಳನ್ನು ಕೇಳಿ. ಕಥೆ ಸಪ್ಪೆಯಾದರೆ ಅವು ಸರಸರ ತುಳಿಯುತ್ತವೆ. ಕಥೆ ಹಿಡಿಯಿತೋ, ನಿಂತೇಬಿಡುತ್ತವೆ.

ಇಂಗ್ಲಿಷರದ್ದಾದರೆ ಮನೆಯಲ್ಲಿ ಮದುವೆಯ ಚಿಂತೆ ಇರುವಂಥದ್ದು ಓದಿ. ಫ್ರೆಂಚರದ್ದೂ ಓದಿ, ಅತ್ತೆ ಎದುರಿಗಿದ್ದರೆ ಕೆಲವು ಪುಟ ಹಾರಿಸಿ. ರಷ್ಯದವರದ್ದಾದರೆ ದಪ್ಪನೆಯದನ್ನೇ ತೆಗೆದುಕೊಳ್ಳಿ. ಹೆಸರುಗಳಿಗೆ ಹೆದರಬೇಡಿ. (ನಾನು ಎಲ್ಲರಿಗೂ ಚಿಕ್ಕ ಹೆಸರಿಟ್ಟಿದ್ದೇನೆ.)

ಅಂದು ಓದುತ್ತಿದ್ದದ್ದು ರಷ್ಯದ್ದೇ. ಒಬ್ಬ ವಿಧವೆ. ಅವಳ ಪಾಲಿನ ಹೊಲ ಬರೆಸಿಕೊಳ್ಳಲು ಅಣ್ಣಂದಿರು ಬಂದಿದ್ದಾರೆ. ಕಾಗದ ಮುಂದಿದೆ, ಕೈಯಲ್ಲಿ ಪೆನ್ನಿದೆ. ಸಹಿ ಹಾಕುತ್ತಾಳೋ, ಇಲ್ಲವೋ?

ಅಂಗಳದಲ್ಲಿ ಒಂದು ಕಾಲೂ ಅಲ್ಲಾಡಲಿಲ್ಲ. ಆಗ ಜೀಪು ಬಂತು.

“ಏನಿದು, ಸ್ಟಡಿ ಕ್ಲಾಸಾ?” ಎಂದರು ಎಸ್ಐ.

“ಮೆಣಸು ತುಳೀತಿದ್ದೀವಿ ಸಾರೇ,” ಎಂದಳು ಕೆಲಸದ ಬೊಳ್ಳಿ.

“ಮತ್ತೆ ಕಾಲೆಲ್ಲಾ ಯಾಕೆ ನಿಂತಿವೆ?”

ಎಸ್ಐ ಜಗಲಿಗೆ ಬಂದು ನನ್ನ ಕೈಯ ಪುಸ್ತಕ ತಿರುಗಿಸಿದರು. ರಟ್ಟಿನ ಮೇಲೆ ‘ರಷ್ಯನ್’ ಎಂಬ ಪದ ಕಂಡಿತು. ಪುಸ್ತಕ ಜೀಪು ಹತ್ತಿತು.

ಆ ರಾತ್ರಿ ಅತ್ತೆ ಗಂಜಿ ಮುಟ್ಟಲಿಲ್ಲ. ಅವರಿಗೆ ಅಕ್ಷರ ಬಾರದು. ಮಾವ ತೀರಿಹೋದ ವರ್ಷವೇ, ತವರಿನ ಗದ್ದೆಯ ಪಾಲು ಬರೆಸಿಕೊಳ್ಳಲು ಅಣ್ಣಂದಿರು ತಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವರು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಬೆಳಿಗ್ಗೆ ಸೀರೆ ಬದಲಿಸಿ ನಿಂತಿದ್ದರು. “ಬಾ ಮೋಳೇ, ಠಾಣೆಗೆ ಹೋಗುವಾ.” (ಮೋಳೇ ಎಂದರೆ ಮಗಳೇ.)

“ಹೆಂಗಸರು ಠಾಣೆಗಾ?” ನನ್ನ ಯಜಮಾನರು ಹೌಹಾರಿದರು.

“ನೀನು ಹೋಗಿದ್ರೆ ನಾವ್ಯಾಕೆ ಹೋಗ್ತಿದ್ವೋ?” ಎಂದರು ಅತ್ತೆ. ಯಜಮಾನರಿಗೆ ತಕ್ಷಣ ತೋಟದಲ್ಲಿ ಕೆಲಸ ನೆನಪಾಯಿತು.

ಯುವಕರೇ ದೂರದಿಂದ ಸುತ್ತುಬಳಸಿ ಹೋಗುವ ಠಾಣೆ. ನಾನು ಅತ್ತೆಯ ಹಿಂದೆಯೇ ಒಳಗೆ ಹೋದೆ. ಅತ್ತೆ ನೇರ ಎಸ್ಐ ಮೇಜಿನ ಮುಂದೆ ನಿಂತು ಮಲಯಾಳದಲ್ಲಿ ಶುರುಮಾಡಿದರು: “ಆ ಹೆಣ್ಣಿನ ಕೈಯಲ್ಲಿ ಪೆನ್ನು ಹಿಡಿಸಿ ನೀವು ಜೀಪು ಹತ್ತಿದಿರಿ ಸಾರೇ. ಅವಳು ಇನ್ನೂ ಹಾಗೇ ನಿಂತಿದ್ದಾಳೆ!”

“ಯಾವ ಹೆಣ್ಣು?” (ಯಾವ ಊರಿನವಳು ಎಂದು ಪೇದೆ ಬೇರೆ ಕೇಳಿದ.)

ಅತ್ತೆ ಹೇಳಿದರು. ಹಿಮ, ಕುದುರೆಗಾಡಿ, ಸತ್ತ ಗಂಡ, ಸಿಹಿಮಾತಿನ ಅಣ್ಣಂದಿರು, ಎಲ್ಲವನ್ನೂ. ವಯನಾಡು ಬಿಟ್ಟು ಹೊರಗೆ ಹೋಗದ ನನ್ನತ್ತೆ ರಷ್ಯವನ್ನು ಠಾಣೆಯೊಳಗೆ ತಂದು ನಿಲ್ಲಿಸಿದರು. ಎದೆಯುಬ್ಬಿತು ನನಗೆ. ಯಾವ ಬಹುಮಾನ ಪಡೆದಾಗಲೂ ಅಷ್ಟು ಉಬ್ಬಿರಲಿಲ್ಲ. ಕಾಗದ, ಪೆನ್ನಿನವರೆಗೆ ಬಂದು ಅತ್ತೆ ಬಾಯಿ ಮುಚ್ಚಿದರು.

“ಎನ್ನಿಟ್ಟು?” ಎಂದರು ಎಸ್ಐ. ಆಮೇಲೆ?

“ಆಮೇಲಿನದು ನಿಮ್ಮ ಅಲಮಾರಿಯಲ್ಲಿದೆ ಸಾರೇ.”

ಪುಸ್ತಕ ಹೊರಬಂತು.

ಬಸ್ಸಿಗೆ ಕಾಯುವಾಗಲೇ, “ಓದು,” ಎಂದರು ಅತ್ತೆ. ಓದಿದೆ. ಅವಳು ಸಹಿ ಹಾಕದೆ ಪೆನ್ನು ಕೆಳಗಿಟ್ಟಳು. ಅಣ್ಣಂದಿರಿಗೆ ಚಹಾ ಕೊಟ್ಟು, ಗಾಡಿಯವರೆಗೆ ಹೋಗಿ ಕಳಿಸಿಬಂದಳು.

ಅತ್ತೆ ತಮ್ಮ ಹೆಬ್ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡರು. “ಹಂಗೂ ಮಾಡಬಹುದಿತ್ತಾ, ಮೋಳೇ?” ಎಂದರು.

ಒಂದು ಕಾದಂಬರಿ ಇದಕ್ಕಿಂತ ಇನ್ನೇನು ಮಾಡಬೇಕು, ಹೇಳಿ?