ನಾನು ಕೈ ಹಾಕಿದ ಎಮ್ಮೆ

ಶಾಂತವ್ವ, ಜಕ್ಕಲಿಯ ನಿಮ್ಮ ಎಮ್ಮೆ ಮತ್ತೆ ಗಬ್ಬ ನಿಲ್ಲದೇ ಹೋದದ್ದು ನನ್ನ ಕೈಯಿಂದ. ಅದು ನಿಮ್ಮ ತಪ್ಪೆಂದು ನಿಮ್ಮ ಅತ್ತೆಯವರ ಮುಂದೆ ಹೇಳಿದವನೂ ನಾನೇ, ದನದ ಡಾಕ್ಟರು.

ಅವತ್ತು ಎಮ್ಮೆ ಈದು ಒಂದು ರಾತ್ರಿ ಕಳೆದರೂ ಕರುವಿನ ಹಿಂದೆ ಬೀಳಬೇಕಾದ ಮಾಸು ಬಿದ್ದಿರಲಿಲ್ಲ. ಓಣಿಯವರೆಲ್ಲ ನಿಮ್ಮ ಹಿತ್ತಲಲ್ಲಿ ನೆರೆದಿದ್ದರು. ಕೈ ಹಾಕದೇ ಹೋದವನನ್ನು ನಮ್ಮ ಕಡೆ ಯಾರು ಡಾಕ್ಟರ ಅಂತಾರೆ? ಎಳೆಯಬಾರದು ಎಂದು ಓದಿದ್ದೆ — ಆದರೂ ಎಳೆದೆ. ಮಾಸು ಹೊರಬಂತು. ನೀವು ಕೈಗೆ ಬಿಸಿನೀರು ಹಾಕಿದಿರಿ, ಚಹಾ ಕೊಟ್ಟಿರಿ, ನಾನು ಉಬ್ಬಿಹೋದೆ. ಒಳಗೆ ಗರ್ಭಕೋಶಕ್ಕೆ ಆದ ಗಾಯ ಯಾರಿಗೆ ಕಾಣಬೇಕು?

ಆಮೇಲೆ ಎಮ್ಮೆ ಬೆದೆಗೆ ಬಂದಾಗಲೆಲ್ಲ ನೀವು ಹೇಳಿಕಳಿಸಿದಿರಿ. ಬಂದು ನೋಡಿದರೆ ಬೆದೆ ಇದ್ದೇ ಇರುತ್ತಿತ್ತು. ಕೃತಕ ಗರ್ಭಧಾರಣೆ ಮಾಡಿದೆ, ನಿಲ್ಲಲಿಲ್ಲ. "ಹಿಂಗ್ಯಾಕ ಆಗಾಕತ್ತೈತ್ರಿ, ಸಾಹೇಬ್ರ?" ಎಂದರು ನಿಮ್ಮ ಅತ್ತೆ. ನಾಲಿಗೆ ಹೇಗೆ ಹೊರಳಿತೋ — "ನಿಮ್ಮ ಸೊಸಿಗೆ ಬೆದಿ ಗುರ್ತಾನ ಹತ್ತವಲ್ದ್ರಿ." ಅಂದಿನಿಂದ ದನದ ಕೆಲಸ ನಿಮ್ಮ ಕೈತಪ್ಪಿತು, ಎಮ್ಮೆ ಸಂತೆಗೆ ಹೋಯಿತು.

ನಾವು ಡಾಕ್ಟರುಗಳು ಆಗಾಗ ಕೂಡಿ, ಮಾಡಿದ ಚಿಕಿತ್ಸೆ ಫಲ ಕೊಟ್ಟಿತೋ ಇಲ್ಲವೋ ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ಆಡಿಟ್ ಅಂತೀವಿ. ಎಲ್ಲಿ ಸೋತಿದ್ದೇವೋ, ಮುಂದಿನ ತರಬೇತಿ ಅದರ ಮೇಲೆ. ಗಜೇಂದ್ರಗಡದ ಡಾಕ್ಟರಮ್ಮ ನನ್ನನ್ನೇ ಕೇಳಿದರು: "ಕೈ ಹಾಕಿ ಮಾಸ ತಗದ ಎಮ್ಮಿ ಮತ್ತ ಗಬ್ಬ ನಿಂತಾವೇನ್ರಿ?" "ನಿಂತಾವ್ರಿ" ಅಂದುಬಿಟ್ಟೆ. ಹಾಗಾಗಿ ತರಬೇತಿ ಇದರ ಬದಲು ಕೆಚ್ಚಲು ಬಾವಿನ ಮೇಲೆ ನಡೆಯಿತು. ನಾವೆಲ್ಲ ಕೈ ಹಾಕುತ್ತಲೇ ಉಳಿದೆವು.

ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೈ ಹಾಕದಿದ್ದರೆ ಏನಾಗುತ್ತಿತ್ತು — ಖರೇ ಏನಾಗುತ್ತಿತ್ತು? ಹೊಳೆಆಲೂರಿನ ಕಡೆ ಮಾಸು ಬೀಳದ ಎಮ್ಮೆಗಳಿಗೆ ಜ್ವರ ನೋಡಿ, ಬೇಕಾದಲ್ಲಿ ಔಷಧ ಕೊಟ್ಟು, ಕೈ ಹಾಕದೇ ಬೈಸಿಕೊಂಡು ಬಂದೆ. ತಿಂಗಳುಗಟ್ಟಲೆ ಹೋಗಿ ನೋಡಿದೆ. ಎಲ್ಲವೂ ಅಲ್ಲ, ಆದರೆ ಒಂದೊಂದಾಗಿ ಭಾಳಷ್ಟು ಗಬ್ಬ ನಿಂತವು. ಪ್ರತಿಸಲ ಸಂತೋಷ — ಹಿಂದೆಯೇ ನಿಮ್ಮ ಮುಖ.

ಹೋದ ವಾರದ ಆಡಿಟ್‌ನಲ್ಲಿ ನಿಮ್ಮ ಎಮ್ಮೆಯ ವಿಷಯವನ್ನೇ ಮೊದಲು ಹೇಳಿದೆ, ನನ್ನ ಸುಳ್ಳನ್ನೂ. ಹಿರಿಯರೊಬ್ಬರು, "ನಂದೂ ಅಂಥವು ಅದಾವ್ರಿ" ಅಂದರು. ಮುಂದಿನ ತರಬೇತಿ ಇದರದೇ.

ಅದು ನಮಗಾಯಿತು. ನಿಮಗೇನು ಬಂತು? ನಾಳೆ ಜಕ್ಕಲಿಗೆ ಬರುತ್ತೇನೆ. ಅದೇ ಹಿತ್ತಲಲ್ಲಿ, ಓಣಿಯವರನ್ನೂ ಕರೆದು, ನಿಮ್ಮ ಅತ್ತೆಯವರಿಗೆ ಹೇಳಬೇಕು — ಶಾಂತವ್ವ ಬೆದೆ ಗುರುತಿಸಿದ್ದು ಪ್ರತಿಸಲವೂ ಸರಿಯಿತ್ತು.