ತರಗತಿ ಮಾಡಿದ ಉಪಕಾರ

ಪಾಠ ಮಾಡುವವರೇ ತಮ್ಮ ಪಾಠದ ಕ್ರಮವನ್ನು ಒಂದಿಷ್ಟು ಬದಲಿಸಿ, ಆದದ್ದನ್ನು ಆದಂತೆ ಬರೆದಿಡುವ ಕ್ರಿಯಾ ಸಂಶೋಧನೆಯನ್ನು ದ್ರೆನೊವಿತ್ಸಾದ ಶಿಕ್ಷಕರ ಕಾಲೇಜಿನಲ್ಲಿ ಮೂವತ್ತು ವರ್ಷ ಕಲಿಸಿ, ಬಲ್ಗೇರಿಯದಲ್ಲಿ ಆ ವಿಷಯಕ್ಕೊಂದು ಘನತೆ ತಂದ ಪ್ರೊ. ನೆವೆನಾ ಪಶೋವಾ ಅವರು ಈ ಜೂನ್‌ನಲ್ಲಿ ನಿವೃತ್ತರಾಗುತ್ತಿದ್ದಾರೆ. ಹಸ್ತಪ್ರತಿಗಳ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಅವರು ಬರೆಯುತ್ತಿದ್ದ ‘ನಿಜವಾಗಿ?’ ಎಂಬ ಪ್ರಶ್ನೆಗೆ ಹೆದರಿ ಕಾಲೇಜು ಬಿಟ್ಟವರಿಲ್ಲ. ಇಡೀ ಅಧ್ಯಾಯವನ್ನೇ ಕೈಬಿಟ್ಟವರು ಹಲವರಿದ್ದಾರೆ.

ಎಂಟು ವರ್ಷ ಹಳ್ಳಿಯ ಶಾಲೆಯಲ್ಲಿದ್ದು, ಅಲ್ಲಿನ ತಮ್ಮ ತರಗತಿಯ ಮೇಲೆಯೇ ಡಾಕ್ಟರೇಟ್ ಪಡೆದು ಅವರು ಕಾಲೇಜಿಗೆ ಬಂದರು. ಶಾಲೆಯಲ್ಲಿ ಕಲಿಸುತ್ತಲೇ ತಮ್ಮಲ್ಲಿ ಪದವಿಗೆ ಓದುತ್ತಿದ್ದ ವೆಲಿಸ್ಲಾವಾ ಎಂಬ ವಿದ್ಯಾರ್ಥಿನಿಯ ಪಾಠ ನೋಡಲು ಹಿಮದಲ್ಲಿ ಎರಡು ಬಸ್ಸು ಬದಲಿಸಿ ಹೋಗಿ, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂರುತ್ತಿದ್ದರು.

ಪದವಿ ಸಿಗದಿದ್ದರೆ ಸೆಪ್ಟೆಂಬರ್‌ನಲ್ಲಿ ವೆಲಿಸ್ಲಾವಾಳ ಕೆಲಸ ಹೋಗುವುದಿತ್ತು. ಪ್ರಶ್ನೆ ಕೇಳಿದ ಮೇಲೆ ಅವಸರಪಡದೆ ಕಾಯುವುದು ಅವಳ ಪ್ರಯೋಗ. ಮೊದಲು ನಾಲ್ಕು ಕೈ ಮೇಲೇಳುತ್ತಿದ್ದ ತರಗತಿಯಲ್ಲಿ ಈಗ ಹದಿನಾಲ್ಕು ಏಳುತ್ತಿದ್ದವು. ಪ್ರಬಂಧ ಬಹುತೇಕ ಮುಗಿದಿದ್ದಾಗ, ಕೈ ಎತ್ತದೆ ಕುಳಿತಿದ್ದ ಕಲೋಯಾನ್ ಎಂಬ ಹುಡುಗನನ್ನು ಅವಳು ಕಾರಣ ಕೇಳಿದಳು.

“ಇವತ್ತು ನನ್ ಪಾಳಿ ಅಲ್ಲ ಮಿಸ್. ನೀವು ಪಾಸಾಗ್ಲಿ ಅಂತ ನಾವೆಲ್ಲಾ ಕೈ ಎತ್ತೋಕೆ ಪಾಳಿ ಹಾಕ್ಕೊಂಡಿದೀವಲ್ಲ!”

ಅಳುತ್ತ ಬಂದವಳ ಮುಂದೆ ಪಶೋವಾ ಅವರು ಚೀಸ್ ತುಂಬಿದ ಬಾನಿತ್ಸಾದ ತಟ್ಟೆ ಸರಿಸಿದರು. “ಮೊದ್ಲು ತಿನ್ನಮ್ಮ. ಆಮೇಲೆ ಇದನ್ನೇ ಬರಿ.”

“ಫೇಲ್ ಮಾಡ್ತಾರೆ ಮೇಡಂ.”

“ಮಾಡ್ಬಹುದು. ಆದ್ರೂ ಬರಿ.”

ಬರೆದಳು. ಮೌಖಿಕ ಪರೀಕ್ಷೆಯಲ್ಲಿ ಅದೇ ವಿಭಾಗದ ಪರೀಕ್ಷಕ ಪ್ರೊ. ಗೆಂಚೆವ್ ಕನ್ನಡಕ ತೆಗೆದಿಟ್ಟರು. “ಪ್ರಯೋಗ ಕೆಟ್ಟಿತು ಅಂತ ನೀವೇ ಬರ್ಕೊಂಡಿದ್ದೀರಲ್ಲಮ್ಮ. ನಾವು ಯಾವುದಕ್ಕೆ ಅಂಕ ಕೊಡೋದು? ಪ್ರಾಮಾಣಿಕತೆಗೆ ನಮ್ಮ ಅಂಕದ ಹಾಳೇಲಿ ಜಾಗ ಇಲ್ಲ.”

ಪಶೋವಾ ಅವರು ಎದ್ದು ನಿಂತರು. “ನನ್ನ ಡಾಕ್ಟರೇಟ್‌ಗೂ ನನ್ನ ಮಕ್ಕಳು ಹೀಗೇ ಉಪಕಾರ ಮಾಡಿದ್ರು ಗೆಂಚೆವ್. ನನಗೆ ಗೊತ್ತಾಗಿತ್ತು. ನಾನು ಬರೀಲಿಲ್ಲ. ಆ ಪ್ರಬಂಧದ ಪುಸ್ತಕಾನ ನೀವು ಹದಿನೈದು ವರ್ಷದಿಂದ ಪಾಠ ಮಾಡ್ತಿದ್ದೀರಿ.”

ವೆಲಿಸ್ಲಾವಾ ತೇರ್ಗಡೆಯಾದಳು, ಕೆಲಸ ಉಳಿಯಿತು. ಆ ಶರತ್ಕಾಲದಲ್ಲಿ ಪಶೋವಾ ಅವರಿಗೆ ಬರಬೇಕಿದ್ದ ವಿಭಾಗ ಮುಖ್ಯಸ್ಥರ ಹುದ್ದೆ ಗೆಂಚೆವ್ ಅವರಿಗೆ ಹೋಯಿತು. ಈ ಅಭಿನಂದನ ಸಂಪುಟದ ಸಮಿತಿಗೂ ಅವರೇ ಅಧ್ಯಕ್ಷರು. ಈ ಪುಟವನ್ನು ಅಚ್ಚಿಗೆ ಬಿಟ್ಟದ್ದು ಅವರ ದೊಡ್ಡತನ.

ಪಶೋವಾ ಅವರು ತಮ್ಮ ಪ್ರಬಂಧವನ್ನು ಈಗ ಮತ್ತೆ ಬರೆಯುತ್ತಿದ್ದಾರೆ. ಅಂದಿನ ಇಪ್ಪತ್ತಾರು ಮಕ್ಕಳನ್ನು ಒಬ್ಬೊಬ್ಬರನ್ನೇ ಹುಡುಕಿ, ನಿಜವಾಗಿ ನಡೆದದ್ದೇನೆಂದು ಕೇಳುತ್ತಿದ್ದಾರೆ. ಹತ್ತೊಂಬತ್ತು ಮಂದಿ ಸಿಕ್ಕಿದ್ದಾರೆ. ಬುರ್ಗಾಸ್‌ನಲ್ಲಿ ಬಸ್ ಓಡಿಸುವವನೊಬ್ಬ, “ನಿಮ್ಮನ್ನ ನೋಡಿದ್ರೆ ಪಾಪ ಅನ್ನಿಸ್ತಿತ್ತು ಮಿಸ್” ಎಂದನಂತೆ. ಅದನ್ನೂ ಅವರು ಬರೆದುಕೊಂಡಿದ್ದಾರೆ.

ಉಳಿದ ಏಳು ಮಂದಿಯನ್ನು ಕಂಡು, ಅವರು ಹೇಳಿದ್ದನ್ನೆಲ್ಲ ಬರೆದು ಮುಗಿಸುವಷ್ಟು ಆಯುರಾರೋಗ್ಯ ಪಶೋವಾ ಅವರಿಗಿರಲಿ. ಆ ಏಳು ಮಂದಿ ಬೇಗ ಸಿಗದಿರಲಿ.